ಉರಿಯದ ಹನಿಯೂ ಮದ್ದೇ

ತೊಗರಿಯ ರಾಶಿ ಮುಗಿಯುತ್ತ ಬಂದು, ಕಣಗಳಲ್ಲಿ ಎದ್ದ ಹೊಟ್ಟಿನ ಧೂಳು ಇನ್ನೂ ಪೂರ್ಣವಾಗಿ ಅಡಗದಿದ್ದ ಪುಷ್ಯಮಾಸದ ಒಂದು ಸಂಜೆ, ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿ ಔಷಧದ ಅಂಗಡಿಯೊಂದರ ಮುಂದೆ ನಾನು ನಿಂತಿದ್ದಾಗ, ತಲೆಗೆ ಸುತ್ತಿದ ರುಮಾಲಿನ ಚುಂಗನ್ನು ಎಡಗಣ್ಣಿನ ಮೇಲೆ ಇಳಿಬಿಟ್ಟುಕೊಂಡಿದ್ದ ನಡುವಯಸ್ಸಿನ ರೈತನೊಬ್ಬನು ಬಂದು ತನಗೆ ಬೇಕಾದುದನ್ನು ಕೇಳಿದ ರೀತಿಯೇ ಈ ಬರಹಕ್ಕೆ ಕಾರಣವಾಯಿತು.

"ಅಣ್ಣಾರ, ನಮ್ಮ ಕಾಕಾಗ ಹ್ವಾದ ವಾರ ಕೊಟ್ಟಿದ್ರಲ್ಲ, ಆ ಗುಲಾಬಿ ಮುಚ್ಚಳದ ಎಣ್ಣಿ, ಅದನ್ನೇ ಕೊಡ್ರಿ. ಹಾಕಿದ ಕೂಡ್ಲೆ ತಂಪ ಆಗ್ತದಂತ."

"ಕಣ್ಣಿಗಿ ಏನಾಗ್ಯಾದ?"

"ತೊಗರಿ ಕಟಗಿ ಬಡದಾದರಿ. ಏನಿಲ್ಲ, ಒಂದೆರಡು ಹನಿ ಬಿಟ್ರ ಆಯ್ತು."

ಆತನಿಗೆ ಮದ್ದಿನ ಹೆಸರು ತಿಳಿದಿರಲಿಲ್ಲ. ಕಾಕನ ಕಣ್ಣಿಗೆ ಬಂದಿದ್ದ ವ್ಯಾಧಿ ಯಾವುದು, ತನ್ನ ಕಣ್ಣಿಗೆ ಆಗಿರುವ ಗಾಯ ಯಾವ ಬಗೆಯದು ಎಂಬ ಪ್ರಶ್ನೆಯೂ ಮನಸ್ಸಿಗೆ ಬಂದಂತೆ ಕಾಣಲಿಲ್ಲ. ಮುಚ್ಚಳದ ಬಣ್ಣ ಗೊತ್ತಿತ್ತು, ತಂಪಾಗುತ್ತದೆಂಬ ಮಾತು ಕಿವಿಗೆ ಬಿದ್ದಿತ್ತು, ಅಷ್ಟೇ. ಇದೇ ಮನುಷ್ಯನು ಸೂಜಿ ಮಾಡಿಸಿಕೊಳ್ಳಬೇಕಾಗಿದ್ದರೆ ವೈದ್ಯರ ಮುಂದೆ ಕುಳಿತು ತೋಳು ಚಾಚುತ್ತಿದ್ದನೇ ಹೊರತು, ಕಾಕನಿಗೆ ಚುಚ್ಚಿದ ಔಷಧವನ್ನೇ ತನಗೂ ಚುಚ್ಚಿರೆಂದು ಅಂಗಡಿಯ ಮುಂದೆ ನಿಂತು ಎಂದಿಗೂ ಕೇಳುತ್ತಿರಲಿಲ್ಲ. ಮದ್ದಿನ ಒಳಗೇನಿದೆ ಎಂಬುದಕ್ಕಿಂತ ಅದು ಯಾವ ರೂಪದಲ್ಲಿ ಬಂದಿದೆ ಎಂಬುದನ್ನೇ ನೋಡಿ ಅದಕ್ಕೆ ಮರ್ಯಾದೆ ಕೊಡುವ ಅಥವಾ ಕೊಡದಿರುವ ಈ ಮನೋಭಾವವು ಭೀಮಾತೀರದ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಎಷ್ಟು ಕಣ್ಣುಗಳನ್ನು ಕೆಡಿಸಿದೆಯೋ ಎಂದು ಅಂದಿನಿಂದ ನಾನು ಚಿಂತಿಸುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಔಷಧಗಳಿಗೆ ಅಲಿಖಿತವಾದ ಒಂದು ಶ್ರೇಣಿಯುಂಟು. ಅದರ ಅಗ್ರಸ್ಥಾನದಲ್ಲಿರುವುದು ಸೂಜಿ. ದವಾಖಾನೆಗೆ ಹೋಗಿ ಸೂಜಿಯಿಲ್ಲದೆ ಹಿಂದಿರುಗಿದವನು ತನಗೆ ಚಿಕಿತ್ಸೆಯೇ ದೊರೆಯಲಿಲ್ಲವೆಂದು ಬಗೆಯುತ್ತಾನೆ. ಅದರ ಕೆಳಗಿನದು ಗುಳಿಗೆ. ಅದರಲ್ಲಿಯೂ ಬಣ್ಣದ ಗುಳಿಗೆಗೆ ಬಿಳಿಯ ಗುಳಿಗೆಗಿಂತ ಹೆಚ್ಚಿನ ಗೌರವ. ಕಣ್ಣಿನ ಹನಿಯು ಈ ಎರಡಕ್ಕೂ ಬಹಳ ಕೆಳಗೆ, ಮದ್ದಿಗೂ ನೀರಿಗೂ ನಡುವಣ ಯಾವುದೋ ಒಂದು ವಸ್ತುವಾಗಿ ಜನರ ಭಾವನೆಯಲ್ಲಿ ನಿಂತಿದೆ. ಮುಲಾಮಿಗಂತೂ ಅಷ್ಟು ಸ್ಥಾನವೂ ಇಲ್ಲ: ಹಚ್ಚಿದೊಡನೆ ದೃಷ್ಟಿ ಮಸುಕಾಗುತ್ತದೆಂಬ ಒಂದೇ ಕಾರಣದಿಂದ, ಹನಿಗಿಂತ ಹೆಚ್ಚು ಹೊತ್ತು ಕಣ್ಣಿನಲ್ಲಿ ನಿಂತು ಕೆಲಸ ಮಾಡಬಲ್ಲ ಆ ಬಡಪಾಯಿ ಮದ್ದು ಅರ್ಧಕ್ಕೇ ಮೂಲೆ ಸೇರುತ್ತದೆ. ಇನ್ನು ಕಾಡಿಗೆ, ನಂದಿಬಟ್ಟಲಿನ ಹೂವಿನ ರಸ, ಜೇನುತುಪ್ಪ, ಔಡಲೆಣ್ಣೆ, ಎದೆಹಾಲು ಮುಂತಾದವು ಈ ಶ್ರೇಣಿಯ ಹೊರಗೇ ಇರತಕ್ಕವು. ಅವನ್ನು ಯಾರೂ ಔಷಧವೆಂದು ಎಣಿಸುವುದಿಲ್ಲವಾದಕಾರಣ, ಅವುಗಳಿಂದ ಅಪಾಯವಾದೀತೆಂಬ ಶಂಕೆಯೂ ಯಾರಿಗೂ ಹುಟ್ಟುವುದಿಲ್ಲ.

ಈ ಅಲಕ್ಷ್ಯವು ನಮ್ಮ ಪ್ರಾಚೀನರಿಂದ ಬಂದುದೆಂದು ಹೇಳುವಂತಿಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಎಣಿಸಿ, ತರ್ಪಣ, ಪುಟಪಾಕ, ಸೇಕ, ಆಶ್ಚ್ಯೋತನ, ಅಂಜನ ಎಂಬ ಐದು ಬಗೆಯ ಉಪಚಾರಗಳನ್ನು ವಿವರಿಸುತ್ತದೆ. ಇವುಗಳಲ್ಲಿ ಆಶ್ಚ್ಯೋತನವೆಂಬುದೇ ನಾವು ಇಂದು ಹನಿ ಬಿಡುವುದೆನ್ನುವ ಕ್ರಿಯೆ. ದೋಷವನ್ನು ಕೆರೆದು ತೆಗೆಯಬೇಕಾದಲ್ಲಿ ಏಳೆಂಟು ಬಿಂದು, ಸ್ನಿಗ್ಧಗೊಳಿಸಬೇಕಾದಲ್ಲಿ 10, ವ್ರಣವನ್ನು ಮಾಗಿಸಬೇಕಾದಲ್ಲಿ 12 ಎಂದು ಹನಿಗಳನ್ನು ಎಣಿಸಿಟ್ಟ ಶಾಸ್ತ್ರಕಾರರು, ಎರಡು ಅಂಗುಲ ಎತ್ತರದಿಂದ, ಮೂಗಿನ ಪಕ್ಕದ ಕಣ್ಣಿನ ಮೂಲೆಗೆ ಅವನ್ನು ಬಿಡಬೇಕೆಂಬುದನ್ನು ಸಹ ಹೇಳಲು ಮರೆಯಲಿಲ್ಲ. ಅಂಜನದಲ್ಲಿಯೂ ಗುಟಿಕೆ, ರಸಕ್ರಿಯೆ, ಚೂರ್ಣವೆಂದು ಮೂರು ರೂಪಗಳುಂಟು. ಪ್ರಬಲವಾದ ವ್ಯಾಧಿಗೆ ಗುಟಿಕೆ, ಮಧ್ಯಮಕ್ಕೆ ರಸಕ್ರಿಯೆ, ಅಲ್ಪಕ್ಕೆ ಚೂರ್ಣ. ರೂಪಕ್ಕೂ ಬಲಕ್ಕೂ ಇರುವ ಸಂಬಂಧವನ್ನು ಅವರು ವ್ಯಾಧಿಯನ್ನು ನೋಡಿ ನಿರ್ಣಯಿಸಿದರು. ರೋಗಿಯ ಇಷ್ಟಾನಿಷ್ಟಗಳನ್ನು ನೋಡಿ ನಿರ್ಣಯಿಸಲಿಲ್ಲ. ಜ್ವರವಿರುವವನಿಗೆ, ರಾತ್ರಿ ನಿದ್ದೆಗೆಟ್ಟವನಿಗೆ ಅಂಜನ ಹಚ್ಚಬಾರದೆಂಬ ನಿಷೇಧಗಳೂ ಅಲ್ಲಿವೆ.

ಆದರೂ ಜನಸಮುದಾಯದ ನಂಬಿಕೆಯು ಔಷಧದ ಸ್ವರೂಪವನ್ನೇ ಮಾರ್ಪಡಿಸಬಲ್ಲದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಹಳೆಯ ನಿದರ್ಶನವೊಂದುಂಟು. ಇಂದು ಸೇಡಂ ತಾಲ್ಲೂಕಿನಲ್ಲಿ ಮಳಖೇಡವೆಂಬ ಊರಾಗಿ ಉಳಿದಿರುವ ಮಾನ್ಯಖೇಟವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಉಗ್ರಾದಿತ್ಯಾಚಾರ್ಯನೆಂಬ ಜೈನ ವೈದ್ಯನು ಮದ್ಯ, ಮಾಂಸ, ಮಧು ಈ ಮೂರನ್ನೂ ವರ್ಜಿಸಿ 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ನೃಪತುಂಗನ ಸಭೆಯಲ್ಲಿ ಮಾಂಸೌಷಧಗಳ ವಿರುದ್ಧ ವಾದ ಮಾಡಿದ ಸಂಗತಿ ಆ ಗ್ರಂಥದ ಹಿತಾಹಿತಾಧ್ಯಾಯದಿಂದಲೇ ತಿಳಿದುಬರುತ್ತದೆ. ಕಣ್ಣಿನ ಅಂಜನಗಳಲ್ಲಿ ಜೇನು ಸರ್ವಸಾಮಾನ್ಯವಾಗಿದ್ದ ಕಾಲದಲ್ಲಿ, ಅದನ್ನು ಮುಟ್ಟಲೊಲ್ಲದ ಜನರಿಗೆ ಬೇರೆ ದಾರಿಯನ್ನು ಹುಡುಕುವುದು ವೈದ್ಯನ ಕರ್ತವ್ಯವೆಂದು ಆತನು ತಿಳಿದನು. ಜನರ ಮನಸ್ಸನ್ನು ಅರಿತು ಔಷಧವನ್ನು ರೂಪಿಸುವುದು ಒಂದು ವಿಧ. ಔಷಧದ ಗುಣವನ್ನು ಅರಿಯದೆ ಮನಸ್ಸಿಗೆ ಬಂದ ರೂಪವನ್ನು ಆರಿಸಿಕೊಳ್ಳುವುದು ಇನ್ನೊಂದು ವಿಧ. ಇಂದು ನಡೆಯುತ್ತಿರುವುದು ಎರಡನೆಯದು.

ಕಾಡಿಗೆಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ; ಏಕೆಂದರೆ ನಮ್ಮಲ್ಲಿ ಪ್ರತಿಯೊಬ್ಬರ ಕಣ್ಣಿಗೂ ಮೊದಲು ಮುಟ್ಟಿದ ಮದ್ದು ಅದು. ನಮ್ಮ ಆಯಿ ಕಾಡಿಗೆ ಮಾಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ನಂದಿಬಟ್ಟಲಿನ ಹೂವಿನ ರಸದಲ್ಲಿ ನೆನೆಯಿಸಿ ನೆರಳಿನಲ್ಲಿ ಒಣಗಿಸಿದ ಬಿಳಿಯ ಅರಿವೆಯ ತುಂಡನ್ನು ಬತ್ತಿಯಾಗಿ ಹೊಸೆದು, ಔಡಲೆಣ್ಣೆಯ ಪಣತಿಯಲ್ಲಿ ಹೊತ್ತಿಸಿ, ಎರಡೂ ಬದಿಗೆ ಇಟ್ಟಿಗೆಯಿಟ್ಟು, ಅದರ ಮೇಲೆ ಹಿತ್ತಾಳೆಯ ಗಂಗಾಳವನ್ನು ಕವುಚಿ ಹಾಕಿ, ಮನೆಯ ಮಂದಿಯೆಲ್ಲ ಮಲಗಿದ ಮೇಲೆ ಗಾಳಿಯಾಡದ ಮೂಲೆಯಲ್ಲಿ ಇಡುತ್ತಿದ್ದಳು. ಬೆಳಗಿನ ಜಾವದಲ್ಲಿ ಎದ್ದು, ಗಂಗಾಳದ ಹೊಟ್ಟೆಗೆ ಹತ್ತಿದ ಮಸಿಯನ್ನು ಚಾಕುವಿನಿಂದ ಮೆಲ್ಲನೆ ಹೆರೆದು, ಹೊಸ ಬೆಣ್ಣೆಯಲ್ಲಿ ಕಲೆಸಿ, ಮೂಗಿನ ಬಳಿ ಹಿಡಿದು ನೋಡಿ, ಡಬ್ಬಿಯಲ್ಲಿ ತುಂಬುವಳು. ಅನಂತರ ಮೊಮ್ಮಕ್ಕಳನ್ನು ಒಬ್ಬೊಬ್ಬರನ್ನಾಗಿ ತೊಡೆಯ ಮೇಲೆ ಮಲಗಿಸಿಕೊಂಡು, ಒಂದೇ ಕಿರುಬೆರಳಿನಿಂದ ಎಲ್ಲರ ಕಣ್ಣಿಗೂ ತೀಡುವಳು. ಆ ಬೆರಳಿನಲ್ಲಿದ್ದ ವಾತ್ಸಲ್ಯದ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಂದು ಮಗುವಿನ ಕಣ್ಣು ಬಂದಿದ್ದರೆ ಉಳಿದ ಮಕ್ಕಳ ಕಣ್ಣಿಗೂ ಪಿಸರು ದಾಟುತ್ತಿದ್ದುದು ಆ ಬೆರಳಿನಿಂದಲೇ ಎಂಬುದನ್ನು ಈಗ ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಮನೆಯ ಕಾಡಿಗೆ ಬಹುಮಟ್ಟಿಗೆ ಮಸಿಯೇ ಆದುದರಿಂದ ಅದರಲ್ಲಿ ವಿಷವಿಲ್ಲ. ದೋಷವಿರುವುದು ಬೆರಳಿನಲ್ಲಿ, ಹಳಸಿದ ಬೆಣ್ಣೆಯಲ್ಲಿ, ಮುಚ್ಚದ ಡಬ್ಬಿಯಲ್ಲಿ. ಜಾತ್ರೆ ಉರುಸುಗಳ ಅಂಗಡಿಸಾಲಿನಲ್ಲಿ ಚಿಕ್ಕ ಶೀಶೆಗಳಲ್ಲಿ ಮಿನುಗುವ ಸುರಮಾದ ಸಂಗತಿ ಬೇರೆ. ಕಣ್ಣಿಗೆ ತಂಪೆಂದೂ, ದೃಷ್ಟಿ ಹೆಚ್ಚಿಸುವುದೆಂದೂ ಕೊಳ್ಳುವ ಆ ಕಪ್ಪು ಪುಡಿಯ ಹಲವು ಬಗೆಗಳಲ್ಲಿ ಮುಖ್ಯವಸ್ತುವಾಗಿರುವುದು ಸೀಸದ ಗಂಧಕೀಯ. ಕಣ್ಣಿಗೆ ಹಚ್ಚಿದ ಸೀಸವು ಮಗುವಿನ ಕೈಯಿಂದ ಬಾಯಿಗೂ, ಬಾಯಿಂದ ರಕ್ತಕ್ಕೂ ಹೋಗಿ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹ ಕಾಡಿಗೆ ಸುರಮಾಗಳ ಮಾರಾಟಕ್ಕೆ ಅನುಮತಿಯನ್ನೇ ಕೊಟ್ಟಿಲ್ಲ. ಕಾಮಣಿ ಬಂದು ಕಣ್ಣು ಹಳದಿಯಾದವರಿಗೆ ಕಣ್ಣಿಗೇ ಸೊಪ್ಪಿನ ರಸ ಹಿಂಡುವ ಪದ್ಧತಿಯಂತೂ ನನಗೆ ಬಹಳ ವ್ಯಥೆಯನ್ನುಂಟುಮಾಡುತ್ತದೆ. ವ್ಯಾಧಿ ಇರುವುದು ಯಕೃತ್ತಿನಲ್ಲಿ, ಹಳದಿ ಕಾಣಿಸುವುದು ಕಣ್ಣಿನಲ್ಲಿ. ಕಂಡಲ್ಲಿ ಮದ್ದು ಹಾಕಿದರೆ ಒಂದಿದ್ದ ರೋಗ ಎರಡಾಗುತ್ತದೆ.

ಈಗ ಹನಿಯ ವಿಷಯಕ್ಕೆ ಬರುತ್ತೇನೆ. ಹನಿಯ ಬಲವನ್ನು ಜನರು ಅಳೆಯುವುದು ಎರಡು ಲಕ್ಷಣಗಳಿಂದ. ಹಾಕಿದೊಡನೆ ಚುರುಚುರು ಉರಿದರೆ, ನೀರು ಸುರಿದರೆ, "ಖಡಕ್ ಔಷಧ ಅದ" ಎಂಬ ಮೆಚ್ಚಿಕೆ. ಹಾಕಿದೊಡನೆ ತಂಪಾಗಿ ಕೆಂಪು ಇಳಿದರೆ, "ಕೈಗುಣ ಛಲೋ ಅದ" ಎಂಬ ಹೊಗಳಿಕೆ. ಉರಿಯದೆ, ತಣಿಸದೆ, ಸುಮ್ಮನೆ ಇಳಿದುಹೋಗುವ ಹನಿಯು ಮಾತ್ರ ಬರಿಯ ನೀರೆನಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಉರಿಯೆಂಬುದು ಅನೇಕ ವೇಳೆ ದ್ರವದ ಆಮ್ಲೀಯತೆಯಿಂದಲೋ ಅದು ಕೆಡದಿರಲೆಂದು ಸೇರಿಸಿದ ರಕ್ಷಕದ್ರವ್ಯದಿಂದಲೋ ಹುಟ್ಟುವುದೇ ಹೊರತು ಔಷಧದ ಬಲದಿಂದಲ್ಲ. ಉರಿದು ನೀರು ಸುರಿದಷ್ಟೂ ಮದ್ದು ಆ ನೀರಿನೊಡನೆಯೇ ತೊಳೆದುಹೋಗುವುದರಿಂದ, ಉರಿಯುವ ಹನಿಯೇ ಕೆಲವೊಮ್ಮೆ ಕಡಿಮೆ ಫಲ ಕೊಡುವುದೂ ಉಂಟು.

ಶೀಶೆಯಿಂದ ಬೀಳುವ ಒಂದು ಹನಿಯ ಗಾತ್ರವು ಸುಮಾರು 30ರಿಂದ 50 ಮೈಕ್ರೋಲೀಟರ್; ಕಣ್ಣಿನ ಮೇಲೆ ಸಹಜವಾಗಿ ನಿಲ್ಲುವ ಕಣ್ಣೀರು ಏಳೆಂಟು ಮೈಕ್ರೋಲೀಟರಿಗೆ ಮೀರದು; ಎಷ್ಟೇ ಪ್ರಯತ್ನಿಸಿದರೂ ರೆಪ್ಪೆಗಳ ನಡುವೆ 30ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆದುದರಿಂದ, ಒಂದು ಹನಿ ಸಾಲದೆಂದು ಮೂರು ಹನಿ ಸುರಿಯುವವರು ಎರಡು ಹನಿಗಳನ್ನು ಕೆನ್ನೆಗೆ ಕೊಡುತ್ತಾರೆ. ಒಳಗೆ ನಿಂತ ಮದ್ದಿನಲ್ಲಿಯೂ ಕಣ್ಣಿನ ಗರ್ಭವನ್ನು ಪ್ರವೇಶಿಸುವುದು ನೂರಕ್ಕೆ 5 ಪಾಲಿಗಿಂತ ಕಡಿಮೆ. ಬಹುಭಾಗವು ಮೂಗಿನ ಪಕ್ಕದ ಸಣ್ಣ ನಾಳದಿಂದ ಮೂಗಿಗೂ ಗಂಟಲಿಗೂ ಇಳಿದು ರಕ್ತವನ್ನು ಸೇರುತ್ತದೆ. ಕಾಚಬಿಂದುವಿಗೆ, ಎಂದರೆ ಗ್ಲಾಕೋಮಾ ಬೇನೆಗೆ, ಕೊಡುವ ಟಿಮೊಲಾಲ್ ಎಂಬ ಹನಿಯು ಈ ಮಾರ್ಗವಾಗಿ ರಕ್ತಕ್ಕಿಳಿದು, ದಮ್ಮು ಇರುವವನ ಉಸಿರನ್ನು ಬಿಗಿಹಿಡಿಯಬಲ್ಲದು, ಹೃದಯದ ಬಡಿತವನ್ನು ನಿಧಾನಗೊಳಿಸಬಲ್ಲದು. ನೀರೆಂದು ತಿಳಿದ ಹನಿಗೆ ಇಷ್ಟು ಶಕ್ತಿಯುಂಟು. ಹನಿ ಬಿಟ್ಟು ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಕೊಂಡರೆ ಮದ್ದು ಕಣ್ಣಿನಲ್ಲಿ ನಿಲ್ಲುತ್ತದೆ, ರಕ್ತಕ್ಕೆ ಹೋಗುವುದು ತಗ್ಗುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ 5 ನಿಮಿಷ ಬಿಡಬೇಕು. ಮುಲಾಮು ಇದ್ದರೆ ಅದು ಕೊನೆಗೆ.

ಗಂಟಲಿಗೆ ಕಹಿ ಇಳಿಯುವ ಈ ಸಂಗತಿಯಿಂದಲೇ ರಂಜಾನಿನ ಉಪವಾಸದಲ್ಲಿ ಒಂದು ಸಂದೇಹವು ಹುಟ್ಟಿಕೊಳ್ಳುತ್ತದೆ. ಕಾಚಬಿಂದುವಿಗಾಗಿ ನಿತ್ಯವೂ ಹನಿ ಹಾಕಿಕೊಳ್ಳುವ ಹಿರಿಯರು, ರೋಜಾ ಮುರಿದೀತೆಂಬ ಭಯದಿಂದ ತಿಂಗಳಿಡೀ ಹಗಲಿನ ಹನಿಯನ್ನು ಬಿಟ್ಟುಬಿಡುವುದುಂಟು. ಕಣ್ಣಿನ ಹನಿಯಿಂದ ಉಪವಾಸಭಂಗವಾಗದೆಂದು ಜಿದ್ದಾದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1997ರಲ್ಲಿಯೇ ನಿರ್ಣಯಿಸಿದೆ. ಹನಫೀ ಮತ್ತು ಶಾಫಿಈ ವಿದ್ವಾಂಸರ ಅಭಿಪ್ರಾಯವೂ ಅದೇ. ವೈದ್ಯರು ಹೇಳಿದರೆ ಸಮಾಧಾನವಾಗದ ಮನಸ್ಸಿಗೆ ಮಸೀದಿಯ ಮೌಲಾನಾ ಒಂದು ಮಾತು ಹೇಳಿದರೆ ಸಾಕಾಗುತ್ತದೆ. ರಂಜಾನಿಗೆ ಮುಂಚಿತವಾಗಿ ಆ ಮಾತನ್ನು ಹೇಳಿಸುವುದು ದೊಡ್ಡ ಉಪಕಾರ. ಶ್ರಾವಣ ಸೋಮವಾರದಲ್ಲಿ, ಏಕಾದಶಿಯಲ್ಲಿ ಔಷಧ ಬಿಡುವವರಿಗೂ ಇದೇ ಮಾತು ಸಲ್ಲುತ್ತದೆ.

2023ರ ಆಷಾಢ ಶ್ರಾವಣಗಳಲ್ಲಿ ನಾಡಿನಾದ್ಯಂತ ಕೆಂಗಣ್ಣಿನ ಬೇನೆ ಹಬ್ಬಿದಾಗ ನಮ್ಮ ಊರುಗಳಲ್ಲಿಯೂ ಮನೆಮನೆಗೆ "ಕಣ್ಣ ಬಂದಾವ" ಎಂಬ ಮಾತಾಯಿತು. ಮರಾಠಿ ನೆರೆಯ ನಮ್ಮ ಗಡಿಸೀಮೆಯಲ್ಲಿ ಈ ಬೇನೆಗೆ ಕಣ್ಣು ಬರುವುದೆಂದೇ ಹೆಸರು. ಕಣ್ಣು ಬಂದವರನ್ನು ದಿಟ್ಟಿಸಿ ನೋಡಿದರೆ ನೋಡಿದವರಿಗೂ ಬರುತ್ತದೆಂದು ಕಪ್ಪು ಕನ್ನಡಕಗಳ ವ್ಯಾಪಾರ ಜೋರಾಯಿತು. ರೋಗವನ್ನು ದಾಟಿಸುವ ಕೈ, ಟುವಾಲು, ದಿಂಬಿನ ಬಟ್ಟೆ ಇವುಗಳ ಕಡೆಗೆ ಗಮನ ಹೋದುದು ಕಡಿಮೆ. ಇದು ಬಹುತೇಕ ವೈರಾಣುವಿನಿಂದ ಬರುವ, ಒಂದೆರಡು ವಾರಗಳಲ್ಲಿ ತಾನಾಗಿಯೇ ಶಮನವಾಗುವ ಬೇನೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಹನಿಗಳಿಂದ ವೈರಾಣು ಸಾಯುವುದಿಲ್ಲ. ಒಂದೇ ಶೀಶೆಯಿಂದ ಮನೆಯವರೆಲ್ಲರೂ ಹನಿ ಬಿಟ್ಟುಕೊಂಡುದರಿಂದ, ಶೀಶೆಯ ಮೂತಿ ಒಬ್ಬನ ರೆಪ್ಪೆಯ ಗೀಜನ್ನು ಇನ್ನೊಬ್ಬನ ಕಣ್ಣಿಗೆ ಒಯ್ದು, ಆಯಿಯ ಕಿರುಬೆರಳು ಮಾಡುತ್ತಿದ್ದ ಕೆಲಸವನ್ನೇ ಮಾಡಿತು.

ಶೀಶೆಯ ಶುಚಿತ್ವವು ಎಷ್ಟು ದೊಡ್ಡ ವಿಷಯವೆಂಬುದನ್ನು ಅದೇ ವರ್ಷ ಅಮೆರಿಕದಲ್ಲಿ ನಡೆದ ದುರಂತವು ತೋರಿಸಿತು. ತಮಿಳುನಾಡಿನಲ್ಲಿ ತಯಾರಾಗಿ ಅಲ್ಲಿಗೆ ಹೋದ, ಚೀಟಿಯಿಲ್ಲದೆ ದೊರೆಯುವ, ಬರಿಯ ಕೃತಕ ಕಣ್ಣೀರಿನ ಹನಿಗಳ ಬಳಕೆಗೆ ತಳುಕು ಹಾಕಿಕೊಂಡಿದ್ದ ಒಂದು ಸೋಂಕು 18 ರಾಜ್ಯಗಳ 81 ಮಂದಿಗೆ ತಗುಲಿ, ನಾಲ್ವರು ಮೃತರಾದರು, 14 ಮಂದಿ ದೃಷ್ಟಿ ಕಳೆದುಕೊಂಡರು. ಅದು ಕಣ್ಣು ಒಣಗಿದಾಗ ತೇವಕ್ಕಾಗಿ ಬಿಡುವ ನೀರಿನಂತಹ ಹನಿ. ನಮ್ಮವರ ಶ್ರೇಣಿಯಲ್ಲಾದರೆ ಅದಕ್ಕೆ ಸ್ಥಾನವೇ ಇರುತ್ತಿರಲಿಲ್ಲ. ನಮ್ಮ ದೇಶದ ಔಷಧ ನಿಯಮಗಳ ಪ್ರಕಾರ ಹನಿಯ ಶೀಶೆಯ ಮೇಲೆ, ತೆರೆದ ಒಂದು ತಿಂಗಳಿನೊಳಗೆ ಉಪಯೋಗಿಸಬೇಕೆಂದೂ, ಮೂತಿಯನ್ನು ಮುಟ್ಟಬಾರದೆಂದೂ ಅಚ್ಚಾಗಿರುತ್ತದೆ. ಆದರೆ ಇರುವೆಯ ಸಾಲಿನಂತಹ ಆ ಇಂಗ್ಲಿಷ್ ಅಕ್ಷರಗಳನ್ನು ತೊಗರಿ ಕೊಯ್ಯುವ ಕೈಗಳು ಓದುವ ಬಗೆ ಹೇಗೆ? ಈ ಎರಡು ಮಾತುಗಳನ್ನು ದಪ್ಪಕ್ಷರದ ಕನ್ನಡದಲ್ಲಿ ಅಚ್ಚು ಮಾಡುವುದು ಅಸಾಧ್ಯವಾದ ಕಾರ್ಯವೇನಲ್ಲ.

ಇನ್ನು ತಂಪಿನ ವಿಷಯ. ಹಾಕಿದ ದಿನವೇ ಕೆಂಪನ್ನೂ ನೋವನ್ನೂ ತುರಿಕೆಯನ್ನೂ ಇಳಿಸಿ ಜನರ ಮನಸ್ಸನ್ನು ಗೆಲ್ಲುವ ಹನಿಗಳಲ್ಲಿ ಬಹುಪಾಲು ಸ್ಟೆರಾಯ್ಡ್ ಎಂಬ ದ್ರವ್ಯವಿರುತ್ತದೆ. ನೇತ್ರವೈದ್ಯರ ಕೈಯಲ್ಲಿ ಅದು ಅಮೂಲ್ಯವಾದ ಸಾಧನ. ಮೋತಿಬಿಂದುವಿನ ಶಸ್ತ್ರಕ್ರಿಯೆಯ ಅನಂತರ ಅದಿಲ್ಲದೆ ನಡೆಯದು. ಆದರೆ ಅದು ಉರಿಯೂತವನ್ನು ಅಡಗಿಸುತ್ತದೆಯೇ ಹೊರತು ರೋಗಾಣುವನ್ನು ಕೊಲ್ಲುವುದಿಲ್ಲ; ದೇಹವು ರೋಗಾಣುವಿನ ಮೇಲೆ ಹೂಡಿದ ಯುದ್ಧವನ್ನೇ ಅದು ನಿಲ್ಲಿಸುತ್ತದೆ; ಯುದ್ಧದ ಗದ್ದಲ ಅಡಗಿದುದನ್ನು ಕಂಡು ನಾವು ಶತ್ರು ಸತ್ತನೆಂದು ಹಿಗ್ಗುತ್ತೇವೆ. ಬೇಸಿಗೆಯ ಧೂಳಿಗೂ ಝಳಕ್ಕೂ ಕಣ್ಣು ತುರಿಸಿಕೊಳ್ಳುವ ಚಿಕ್ಕ ಮಕ್ಕಳಿಗೆ ಹಳೆಯ ಚೀಟಿಯ ಮೇಲೆಯೇ ವರ್ಷಾನುವರ್ಷ ಇಂತಹ ಹನಿಯನ್ನು ತಂದು ಹಾಕುವ ತಾಯಿತಂದೆಯರಿದ್ದಾರೆ. ತುರಿಕೆ ನಿಲ್ಲುತ್ತದೆ, ಕಣ್ಣಿನೊಳಗಿನ ಒತ್ತಡ ಏರುತ್ತದೆ, ಎಳೆಯ ವಯಸ್ಸಿನಲ್ಲಿಯೇ ಪೊರೆ ಬರುತ್ತದೆ, ನರ ಒಣಗುತ್ತದೆ. ನರ ಒಣಗಿ ಹೋದ ದೃಷ್ಟಿ ಮತ್ತೆ ಬರುವುದಿಲ್ಲ. ಇದು ಚೀಟಿಯಿಲ್ಲದೆ ಮಾರಬಾರದೆಂದು ಕಾನೂನು ವಿಧಿಸಿದ ಔಷಧ. ಕಾನೂನು ಇದ್ದೂ ಅಂಗಡಿಯ ಗಲ್ಲೆಯ ಮೇಲಿಂದ ಅದು ಸುಲಭವಾಗಿ ದಾಟಿ ಬರುತ್ತದೆ.

ನಮ್ಮ ಸೀಮೆಗೆ ಇದು ವಿಶೇಷವಾಗಿ ಅನ್ವಯಿಸುವುದೇಕೆಂದರೆ, ತೊಗರಿಯ ಕಟ್ಟಿಗೆ, ಜೋಳದ ರವದಿಯ ಅಲಗು, ಕಬ್ಬಿನ ಗರಿ ಇವು ಕಣ್ಣಿಗೆ ತಾಕಿದಾಗ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲದಲ್ಲಿ ಗೀರು ಬೀಳುವುದಷ್ಟೇ ಅಲ್ಲ, ಒಣಗಿದ ಸಸ್ಯದ ಮೇಲೆ ನೆಲೆಸಿದ ಬೂಷ್ಟು ಆ ಗೀರಿನಲ್ಲಿ ಬಿತ್ತಲ್ಪಡುತ್ತದೆ. ಆ ಪಟಲವು ನಡುವಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಮಾತ್ರ ದಪ್ಪ. ಬೂಷ್ಟಿನ ಹುಣ್ಣಿಗೆ ನೆಟಮೈಸಿನ್ ಎಂಬ ಮದ್ದುಂಟು. ಹಾಲಿನಂತೆ ಬೆಳ್ಳಗಿದ್ದು, ರೆಪ್ಪೆಗೆ ಅಂಟಿಕೊಂಡು, ಮೊದಮೊದಲು ಗಂಟೆಗೊಮ್ಮೆ ಹಾಕಬೇಕಾಗಿ, ವಾರಗಟ್ಟಲೆ ಸಮಯ ತೆಗೆದುಕೊಂಡು ಗುಣಪಡಿಸುವ ಅದು ಉರಿಯುವುದೂ ಇಲ್ಲ, ತಂಪಾಗಿಸುವುದೂ ಇಲ್ಲ. ಆದಕಾರಣವೇ ಜನರಿಗೆ ಅದರಲ್ಲಿ ವಿಶ್ವಾಸ ಹುಟ್ಟುವುದಿಲ್ಲ. ಸ್ಟೆರಾಯ್ಡ್ ಹನಿಯೋ ಅದೇ ಹುಣ್ಣಿಗೆ ಬಿದ್ದರೆ ಎರಡು ದಿನ ನೋವನ್ನು ಮರೆಯಿಸಿ, ಮೂರನೆಯ ದಿನದಿಂದ ಬೂಷ್ಟಿಗೆ ಹೊಲವನ್ನೇ ಬಿಟ್ಟುಕೊಟ್ಟಂತಾಗುತ್ತದೆ. ದಕ್ಷಿಣ ಭಾರತದ ಕಣ್ಣಾಸ್ಪತ್ರೆಗಳಿಗೆ ಬರುವ ಸೋಂಕಿನ ಹುಣ್ಣುಗಳಲ್ಲಿ ಬೂಷ್ಟಿನಿಂದಾದವು ಬಹಳ ದೊಡ್ಡ ಪಾಲು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯಲ್ಲಿ, 50 ವರ್ಷ ದಾಟಿದವರ ಕುರುಡಿಗೆ ಮೋತಿಬಿಂದು ನೂರಕ್ಕೆ 66ರಷ್ಟು ಕಾರಣವಾಗಿದ್ದರೆ, ಅದಕ್ಕಿಂತ ಕಿರಿಯರಲ್ಲಿ ಮೊದಲ ಕಾರಣವಾಗಿ ಕಂಡುದು ಈ ಪಟಲದ ಕಲೆ, ನೂರಕ್ಕೆ 37.5. ದುಡಿಯುವ ವಯಸ್ಸಿನವರ ಕಣ್ಣು ಹೋಗುತ್ತಿರುವುದು ಹೀಗೆ.

ಮೋತಿಬಿಂದುವಿನ ವಿಷಯದಲ್ಲಿ ಜನರ ಮನೋಭಾವ ಒಮ್ಮೆ ಬದಲಾದುದನ್ನು ನಾವು ಕಂಡಿದ್ದೇವೆ ಎಂಬುದು ಧೈರ್ಯದ ಸಂಗತಿ. ಕಣ್ಣಿಗೆ ಕತ್ತಿ ತಾಕಿಸುವುದೆಂದರೆ ನಡುಗುತ್ತಿದ್ದ ಕಾಲದಲ್ಲಿ ಅಂದಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸಿ, ಒಂದೇ ದಿನದಲ್ಲಿ 833 ಶಸ್ತ್ರಕ್ರಿಯೆಗಳನ್ನು ಮಾಡಿದ ಕೀರ್ತಿಗೆ ಪಾತ್ರರಾಗಿ, 'ಕಣ್ಣು ಕೊಟ್ಟ ಅಣ್ಣ'ನೆಂದು ಜನರಿಂದ ಕರೆಸಿಕೊಂಡರು. ಇಂದು ನಮ್ಮ ಹಳ್ಳಿಯ ಮುದುಕಿಯರು ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಿ ಮೋತಿಬಿಂದು ತೆಗೆಯಿಸಿಕೊಳ್ಳಲು ಹಿಂಜರಿಯುವುದಿಲ್ಲ. ಹಿಂಜರಿಯುವುದು ಅನಂತರದ ಹನಿಗೆ: "ಆಪರೇಶನ್ ಆಗ್ಯಾದಲ್ಲ, ಇನ್ನ್ಯಾಕ ಎಣ್ಣಿ?" ಎಂದು ಎರಡನೆಯ ವಾರದಲ್ಲಿಯೇ ಶೀಶೆಯನ್ನು ಗೂಡಿನಲ್ಲಿ ಇಟ್ಟುಬಿಡುತ್ತಾರೆ, ಆರು ತಿಂಗಳ ಅನಂತರ ಅದೇ ಶೀಶೆಯನ್ನು ಮೊಮ್ಮಗನ ಕೆಂಗಣ್ಣಿಗೆ ಹುಡುಕಿ ತೆಗೆಯುತ್ತಾರೆ. ಅತ್ತ ಶಸ್ತ್ರಕ್ಕೆ ಇನ್ನೂ ಅಂಜುವವರು ಪೊರೆಯನ್ನು ಕರಗಿಸುವ ಹನಿಗಾಗಿ ಅಲೆಯುತ್ತಾರೆ. ಅಂತಹ ಹನಿ ಜಗತ್ತಿನಲ್ಲಿ ಈವರೆಗೆ ಇಲ್ಲ. 2024ರ ಸೆಪ್ಟೆಂಬರಿನಲ್ಲಿ, ಓದುವ ಕನ್ನಡಕವೇ ಬೇಡವೆಂಬಂತೆ ಪ್ರಚಾರ ಮಾಡಿದ ಒಂದು ಪೈಲೋಕಾರ್ಪಿನ್ ಹನಿಯ ಅನುಮತಿಯನ್ನು ಕೇಂದ್ರದ ಔಷಧ ನಿಯಂತ್ರಕರು ಅಮಾನತುಗೊಳಿಸಬೇಕಾಯಿತು. ಆ ಹನಿಯ ಸುದ್ದಿ ಹೊರಟ ದಿನವೇ ಅಂಗಡಿಗಳಲ್ಲಿ ಅದನ್ನು ಕೇಳಿಕೊಂಡು ಬಂದವರಿದ್ದರು.

ಕಾಚಬಿಂದುವಿನ ಹನಿಯ ಗತಿ ಇನ್ನೂ ಕರುಣಾಜನಕ. ಅದು ಇದ್ದ ದೃಷ್ಟಿಯನ್ನು ಕಾಯುತ್ತದೆಯೇ ಹೊರತು ಹೋದುದನ್ನು ತರುವುದಿಲ್ಲ. ವರ್ಷಾನುವರ್ಷ ಹಾಕಿದರೂ ಕಣ್ಣಿಗೆ ಕಾಣುವ ಲಾಭವೊಂದೂ ಇಲ್ಲ. ಆದುದರಿಂದ ಮೂರನೆಯ ಶೀಶೆಯ ಹೊತ್ತಿಗೆ ಅದನ್ನು ನಿಲ್ಲಿಸುವವರೇ ಬಹಳ. ಸಕ್ಕರೆ ರೋಗದಿಂದ ಕಣ್ಣಿನ ಹಿಂಭಾಗದ ಪರದೆ ಕೆಟ್ಟವರಿಗೆ ಕಣ್ಣಿನೊಳಗೇ ಕೊಡುವ ಸೂಜಿಯನ್ನು ಕೇಳಿದರಂತೂ, ತೋಳಿಗೆ ಸೂಜಿ ಬೇಕೆಂದು ಹಟ ಹಿಡಿಯುವ ಅದೇ ಜನ ಎದ್ದು ಮನೆಗೆ ಬರುತ್ತಾರೆ. ಹನಿಯಿಂದ ಮರಗಟ್ಟಿಸಿ, ಕ್ಷಣಾರ್ಧದಲ್ಲಿ ಕೊಡುವ ಆ ಸೂಜಿ ಅನೇಕರ ದೃಷ್ಟಿಯನ್ನು ಉಳಿಸಿದೆ. ಹನಿ ಗುಳಿಗೆಗಳು ತಲುಪಲಾರದ ಸ್ಥಳಕ್ಕೆ ಅದು ತಲುಪುತ್ತದೆ. ರೂಪವನ್ನು ನೋಡಿ ಹೆದರುವುದೂ ರೂಪವನ್ನು ನೋಡಿ ಅಲಕ್ಷ್ಯ ಮಾಡುವುದೂ ಒಂದೇ ತಪ್ಪಿನ ಎರಡು ಮುಖಗಳು.

ಬಾಯಿಯ ಮೂಲಕ ಕಣ್ಣಿಗೆ ಮದ್ದು ಎಂದರೆ ನಂಬದವರಿಗೂ ಅಂಗನವಾಡಿಯ ಚಮಚ ಪಾಠ ಕಲಿಸಿದೆ. ಇರುಳುಗಣ್ಣನ್ನು ತಡೆಯಲು 1970ರಿಂದ ನಡೆದು ಬಂದ ಕಾರ್ಯಕ್ರಮದಲ್ಲಿ, ಒಂಬತ್ತನೆಯ ತಿಂಗಳಿಗೆ ಒಂದು ಲಕ್ಷ ಯೂನಿಟ್, ಅನಂತರ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ ಎರಡೆರಡು ಲಕ್ಷ ಯೂನಿಟ್ 'ಎ' ಜೀವಸತ್ವವನ್ನು ಮಕ್ಕಳಿಗೆ ಕುಡಿಸಲಾಗುತ್ತಿದೆ. ಮುಲಾಮಿಗೂ ತನ್ನ ಕೀರ್ತಿಯುಂಟು: ರೆಪ್ಪೆಯ ಒಳಭಾಗವನ್ನು ಕೆಡಿಸಿ ತಲೆತಲಾಂತರದಿಂದ ಕುರುಡು ಮಾಡುತ್ತಿದ್ದ ಟ್ರಕೋಮಾ ಬೇನೆಯನ್ನು ಹಿಮ್ಮೆಟ್ಟಿಸಿದವುಗಳಲ್ಲಿ ಟೆಟ್ರಾಸೈಕ್ಲಿನ್ ಮುಲಾಮಿನ ಪಾಲು ಸಣ್ಣದಲ್ಲ, ಆ ಬೇನೆ ಸಾರ್ವಜನಿಕ ಸಮಸ್ಯೆಯಾಗಿ ಭಾರತದಲ್ಲಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರ ಅಕ್ಟೋಬರಿನಲ್ಲಿ ಘೋಷಿಸಿತು.

ಅಂದು ಸಂಜೆ ಆ ಅಂಗಡಿಯವನು ಗುಲಾಬಿ ಮುಚ್ಚಳದ ಶೀಶೆಯನ್ನು ಕೊಡಲಿಲ್ಲ. "ಕಟಗಿ ಬಡದದ್ದಕ್ಕ ಇದು ಹಾಕಬಾರ್ದು, ನಾಳೆ ಮುಂಜಾನೆನೇ ಕಲಬುರಗಿಗೆ ಹೋಗು ತಮ್ಮಾ," ಎಂದನು. ರೈತನು ಮುಖ ಸಣ್ಣದು ಮಾಡಿಕೊಂಡು ಹೋದನು. ಆತನು ಬೇರೆ ಕಡೆ ಅದನ್ನೇ ಕೊಂಡು ಎಂಟು ದಿನ ಹಾಕಿಕೊಂಡನೆಂದು ನನಗೆ ಆಮೇಲೆ ತಿಳಿಯಿತು. ಯುಗಾದಿಯ ಹೊತ್ತಿಗೆ ಮತ್ತೆ ಕಂಡಾಗ ರುಮಾಲಿನ ಚುಂಗು ಮೇಲೆ ಸರಿದಿತ್ತು. ಎಡಗಣ್ಣಿನ ಕಪ್ಪುಗುಡ್ಡೆಯ ನಟ್ಟನಡುವೆ ಜೋಳದ ಕಾಳಿನಷ್ಟು ಬಿಳಿಯ ಕಲೆ ನಿಂತಿತ್ತು. "ಹೂ ಬಿದ್ದದರಿ," ಎಂದನು. ಆ ಕಣ್ಣಿಗೆ ಬೆಳಕು ಕತ್ತಲೆಗಳ ಭೇದ ತಿಳಿಯುತ್ತದೆ. ಮನುಷ್ಯರ ಮುಖ ತಿಳಿಯುವುದಿಲ್ಲ.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹೊಲದಲ್ಲಿ ಕಣ್ಣಿಗೆ ಏನಾದರೂ ತಾಕಿದರೆ ಶುದ್ಧವಾದ ನೀರಿನಿಂದ ತೊಳೆದುಕೊಳ್ಳಿರಿ, ಉಜ್ಜಬೇಡಿರಿ, ಹನಿಯಾಗಲಿ ರಸವಾಗಲಿ ಎದೆಹಾಲಾಗಲಿ ಯಾವುದನ್ನೂ ಬಿಡಬೇಡಿರಿ. ಅಂದೇ, ತಪ್ಪಿದರೆ ಮರುದಿನ ಬೆಳಿಗ್ಗೆಯೇ, ಕಣ್ಣಿನ ವೈದ್ಯರನ್ನು ಕಾಣಿರಿ. ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ ನಿಮ್ಮ ಮನೆಯ ದೇವರ ಗೂಡಿನಲ್ಲಿಯೋ, ಕನ್ನಡಿಯ ಹಿಂದೆಯೋ, ಕಪಾಟಿನ ಮೇಲೋ ಇಟ್ಟಿರುವ ಹಳೆಯ ಕಣ್ಣಿನ ಶೀಶೆಯನ್ನು ಹುಡುಕಿರಿ. ತೆರೆದು ಒಂದು ತಿಂಗಳು ದಾಟಿದ್ದರೆ ಈಗಲೇ ಬಿಸಾಡಿರಿ.